ಕೊಬ್ಬು ಒಪ್ಪಿಸುವ ಲೆಕ್ಕ: ಬೊಜ್ಜು, ಚಯಾಪಚಯ ಮತ್ತು ಕೊಬ್ಬಿನ ಹಾರ್ಮೋನುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ, ಮಾಟುಂಗ, ಡೊಂಬಿವಲಿ, ಪುಣೆಗಳ ಕನ್ನಡಿಗರ ಕೂಟಗಳಲ್ಲಿ ಬೊಜ್ಜು ಮತ್ತು ಮಧುಮೇಹದ ಕುರಿತು ಮಾತನಾಡಲು ನನ್ನನ್ನು ಆಗಾಗ ಕರೆಯುತ್ತಾರೆ. ಭಾಷಣ ಮುಗಿದು ಉಪ್ಪಿಟ್ಟು, ಶಿರಾದ ತಟ್ಟೆ ಕೈಗೆ ಬಂದ ಮೇಲೆಯೇ ನಿಜವಾದ ಪ್ರಶ್ನೆಗಳು ಹೊರಡುತ್ತವೆ. ಆಮೇಲೆ ಕೆಲವರು ಪತ್ರವನ್ನೂ ಬರೆಯುತ್ತಾರೆ. ಹೀಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ನಾನು ಪಾಠ ಹೇಳಿದವಳೇ ಹೊರತು ರೋಗಿಗಳನ್ನು ನೋಡಿದವಳಲ್ಲ. ಔಷಧಿಯ ತೀರ್ಮಾನವನ್ನು ನಿಮ್ಮ ವೈದ್ಯರೊಂದಿಗೇ ಮಾಡಬೇಕು.

## ಮೊದಲ ಪಾಠ

ಕೊಬ್ಬು ಅಂದರೆ ಮೈಯಲ್ಲಿ ಕೂಡಿಟ್ಟ ಎಣ್ಣೆ ಅಲ್ಲವೇ ಮೇಡಂ? ಅದರಿಂದ ಹಾರ್ಮೋನು ಬರುವುದು ಹೇಗೆ?

ಎಣ್ಣೆ ಹೌದು, ಆದರೆ ಅದನ್ನು ಹಿಡಿದಿಟ್ಟಿರುವುದು ಜೀವಂತ ಕೋಶ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಬ್ಬಿನ ಕೋಶದ ತುಂಬ ಒಂದೇ ಒಂದು ದೊಡ್ಡ ಎಣ್ಣೆಯ ಹನಿಯಿದ್ದು, ಕೋಶಕೇಂದ್ರವು ಅಂಚಿಗೆ ಒತ್ತಿಕೊಂಡು ಉಂಗುರದ ಹರಳಿನಂತೆ ಕಾಣುತ್ತದೆ. ನಮ್ಮ ಕಾಲದ ಪಠ್ಯಪುಸ್ತಕಗಳು ಈ ಅಂಗಾಂಶವನ್ನು ಗೋದಾಮು ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದವು. ನಾನೂ ಮೊದಲ ಹತ್ತಾರು ವರ್ಷ ಹಾಗೆಯೇ ಪಾಠ ಮಾಡಿದೆ.

ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇಂಧನವಿರುತ್ತದೆ. 70 ಕಿಲೋ ತೂಗುವ ವ್ಯಕ್ತಿಯ ಮೈಯಲ್ಲಿ 15 ಕಿಲೋ ಕೊಬ್ಬಿದ್ದರೆ, ಸುಮಾರು ಎರಡು ತಿಂಗಳ ಇಂಧನವನ್ನು ಅವನು ಸದಾ ಹೊತ್ತುಕೊಂಡೇ ತಿರುಗುತ್ತಾನೆ. ಇಷ್ಟು ದೊಡ್ಡ ಠೇವಣಿಯನ್ನು ಇಟ್ಟುಕೊಂಡ ಅಂಗಾಂಶವು ಅದರ ಲೆಕ್ಕವನ್ನು ಮಿದುಳಿಗೆ, ಯಕೃತ್ತಿಗೆ, ಸ್ನಾಯುಗಳಿಗೆ ಒಪ್ಪಿಸುತ್ತಲೇ ಇರಬೇಕಾಗುತ್ತದೆ. ಆ ಲೆಕ್ಕಪತ್ರಗಳೇ ಅದು ರಕ್ತಕ್ಕೆ ಬಿಡುವ ಪ್ರೋಟೀನುಗಳು. ಅವಕ್ಕೆ ಒಟ್ಟಾಗಿ ಅಡಿಪೊಕೈನ್‌ಗಳು ಎಂದು ಹೆಸರು. ಲೆಪ್ಟಿನ್ ಮತ್ತು ಅಡಿಪೊನೆಕ್ಟಿನ್ ಅವುಗಳಲ್ಲಿ ಮುಖ್ಯವಾದವು.

ಇದನ್ನು ಯಾರು, ಹೇಗೆ ಕಂಡುಹಿಡಿದರು?

ಈ ಕಥೆಯನ್ನು ಹೇಳುವುದೆಂದರೆ ನನಗೆ ಇಷ್ಟ, ಆದ್ದರಿಂದ ಸ್ವಲ್ಪ ಉದ್ದವಾದೀತು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರ ಹೊತ್ತಿಗೆ ವಿಪರೀತ ತಿಂದು ದಪ್ಪಗಾಗುವ ಒಂದು ಇಲಿಯ ತಳಿ ಕಾಣಿಸಿಕೊಂಡಿತು. ಅದಕ್ಕೆ ‘ಓಬಿ’ ಎಂದು ಹೆಸರಿಟ್ಟರು. ಮುಂದೆ 1960ರ ದಶಕದಲ್ಲಿ ಅದರಂತೆಯೇ ದಪ್ಪಗಿದ್ದು ಮಧುಮೇಹವೂ ತೀವ್ರವಾಗಿದ್ದ ‘ಡಿಬಿ’ ಎಂಬ ಇನ್ನೊಂದು ತಳಿ ಸಿಕ್ಕಿತು. ಅದೇ ಪ್ರಯೋಗಾಲಯದ ಡಗ್ಲಸ್ ಕೋಲ್ಮನ್ ಎರಡೆರಡು ಇಲಿಗಳ ಪಕ್ಕೆಗಳನ್ನು ಹೊಲಿದು, ಒಂದರ ರಕ್ತ ಇನ್ನೊಂದರಲ್ಲಿ ಹರಿಯುವಂತೆ ಮಾಡಿದರು. ಓಬಿ ಇಲಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದಾಗ ಓಬಿಯ ಹಸಿವು ತಗ್ಗಿ ತೂಕ ಇಳಿಯಿತು. ಡಿಬಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದಾಗ ಡಿಬಿಗೆ ಏನೂ ಆಗಲಿಲ್ಲ, ಆದರೆ ಸಾಮಾನ್ಯ ಇಲಿ ತಿನ್ನುವುದನ್ನೇ ಬಿಟ್ಟು ಸೊರಗಿ ಸತ್ತಿತು.

ಇದರಿಂದ ಕೋಲ್ಮನ್ ತೆಗೆದ ತೀರ್ಮಾನ ಇಷ್ಟು: ‘ಸಾಕು’ ಎಂದು ಹೇಳುವ ಯಾವುದೋ ವಸ್ತು ರಕ್ತದಲ್ಲಿದೆ; ಓಬಿ ಇಲಿಗೆ ಅದನ್ನು ತಯಾರಿಸಲು ಬಾರದು; ಡಿಬಿ ಇಲಿ ಅದನ್ನು ಬೇಕಾದಷ್ಟು ತಯಾರಿಸುತ್ತದೆ, ಆದರೆ ಅದಕ್ಕೆ ಕೇಳಿಸದು. ಆ ವಸ್ತು ಯಾವುದೆಂದು ತಿಳಿಯಲು ಮತ್ತೆ ಎರಡು ದಶಕ ಹಿಡಿಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಓಬಿ ವಂಶವಾಹಿಯನ್ನು ಬೇರ್ಪಡಿಸಿತು. ಅದರಿಂದ ತಯಾರಾಗುವ ಹಾರ್ಮೋನು ಕೊಬ್ಬಿನ ಕೋಶದಿಂದ ಬರುತ್ತಿತ್ತು. ‘ತೆಳ್ಳಗೆ’ ಎಂಬ ಅರ್ಥದ ‘ಲೆಪ್ಟೋಸ್’ ಎಂಬ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ಮರುವರ್ಷವೇ ಅದರ ಗ್ರಾಹಕ, ಅಂದರೆ ಕೋಶದ ಮೇಲೆ ಕೂತು ಆ ಹಾರ್ಮೋನಿನ ಸಂದೇಶವನ್ನು ಹಿಡಿಯುವ ಪ್ರೋಟೀನು, ಸಿಕ್ಕಿತು. ಡಿಬಿ ಇಲಿಯಲ್ಲಿ ಕೆಟ್ಟಿದ್ದುದು ಅದೇ. ಕೋಲ್ಮನ್ ಮತ್ತು ಫ್ರೀಡ್‌ಮನ್ ಇಬ್ಬರಿಗೂ 2010ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು.

ಲೆಪ್ಟಿನ್ ಕೆಲಸವನ್ನು ನನ್ನಂಥ ಕಾಮರ್ಸ್ ಓದಿದವನಿಗೆ ತಿಳಿಯುವ ಹಾಗೆ ಹೇಳಿ.

ಅದು ನಿಮ್ಮ ಖಾತೆಯಲ್ಲಿ ಉಳಿದಿರುವ ಬಾಕಿಯ ಚೀಟಿ. ಕೊಬ್ಬು ಹೆಚ್ಚಿದಷ್ಟೂ ರಕ್ತದಲ್ಲಿ ಲೆಪ್ಟಿನ್ ಹೆಚ್ಚುತ್ತದೆ, ಕರಗಿದಷ್ಟೂ ಕಡಿಮೆಯಾಗುತ್ತದೆ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಆ ಚೀಟಿಯನ್ನು ಓದುತ್ತದೆ. ಅಲ್ಲಿ ಹಸಿವನ್ನು ಕೆರಳಿಸುವ ನರಕೋಶಗಳ ಒಂದು ಗುಂಪು, ತಣಿಸುವ ಇನ್ನೊಂದು ಗುಂಪು ಇವೆ. ಲೆಪ್ಟಿನ್ ಮೊದಲನೆಯದನ್ನು ಸುಮ್ಮನಾಗಿಸಿ ಎರಡನೆಯದನ್ನು ಎಚ್ಚರಿಸುತ್ತದೆ.

ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ. ಲೆಪ್ಟಿನ್ ಇರುವುದು ದಪ್ಪಗಾಗುವುದನ್ನು ತಡೆಯುವುದಕ್ಕೆ ಎಂದು ನಾವು ಭಾವಿಸುತ್ತೇವೆ. ಅದರ ವರ್ತನೆಯನ್ನು ನೋಡಿದರೆ, ಉಪವಾಸದಿಂದ ಸಾಯುವುದನ್ನು ತಡೆಯುವುದೇ ಅದರ ಮುಖ್ಯ ಕೆಲಸವಿದ್ದಂತೆ ಕಾಣುತ್ತದೆ. ನಮ್ಮ ಸೊಸೈಟಿಗಳ ನೀರಿನ ಟಾಂಕಿಯನ್ನು ನೆನೆಯಿರಿ: ಟಾಂಕಿ ಖಾಲಿಯಾದರೆ ಎಲ್ಲ ಮಹಡಿಗಳಿಂದ ಕೂಗು ಏಳುತ್ತದೆ, ತುಂಬಿ ಹರಿದರೆ ವಾಚ್‌ಮನ್ ಕೂಡ ನಿಧಾನವಾಗಿಯೇ ಏಳುತ್ತಾನೆ. ಲೆಪ್ಟಿನ್ ಇಳಿದಾಗ ಹಸಿವು ಕೆರಳುತ್ತದೆ, ಥೈರಾಯ್ಡ್ ನಿಧಾನಿಸುತ್ತದೆ, ಮುಟ್ಟು ತಪ್ಪಬಹುದು, ಮೈ ಇಂಧನವನ್ನು ಜಿಪುಣನಂತೆ ಖರ್ಚು ಮಾಡತೊಡಗುತ್ತದೆ. ಅದು ಏರಿದಾಗ ಆಗುವ ಪರಿಣಾಮ ಅಷ್ಟು ಜೋರಾಗಿಲ್ಲ.

ಹಾಗಾದರೆ ದಪ್ಪ ಇರುವವರಲ್ಲಿ ಲೆಪ್ಟಿನ್ ಕಡಿಮೆ ಇರುತ್ತದೆ, ಅಲ್ಲವೇ?

ಎಲ್ಲರೂ ಮೊದಲು ಊಹಿಸಿದ್ದು ಅದನ್ನೇ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸ್ಟೀಫನ್ ಓ’ರಾಹಿಲಿ ಮತ್ತು ಸದಾಫ್ ಫಾರೂಕಿ ಅವರ ತಂಡ 1997ರಲ್ಲಿ ಒಂದೇ ಕುಟುಂಬದ ಇಬ್ಬರು ಮಕ್ಕಳ ವಿವರ ಪ್ರಕಟಿಸಿತು: ಎಂಟು ವರ್ಷದ ಹುಡುಗಿ 86 ಕಿಲೋ, ಎರಡು ವರ್ಷದ ಹುಡುಗ 29 ಕಿಲೋ. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಈ ಕೊರತೆಯಿರುವ ಮಕ್ಕಳಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ತಹಬಂದಿಗೆ ಬಂದು ಕೊಬ್ಬು ಕರಗಿತು. ಆದರೆ ಇಂಥ ಕೊರತೆ ಬಲು ಅಪರೂಪ. ಲೋಕದಲ್ಲಿ ಕೆಲವೇ ಕುಟುಂಬಗಳಲ್ಲಷ್ಟೇ ಕಂಡುಬಂದಿದೆ.

ಉಳಿದ ನಮ್ಮೆಲ್ಲರಲ್ಲಿ ಬೊಜ್ಜು ಹೆಚ್ಚಿದಂತೆ ಲೆಪ್ಟಿನ್ ಹೆಚ್ಚೇ ಇರುತ್ತದೆ. ಸಾಮಾನ್ಯ ಬೊಜ್ಜಿಗೆ ಲೆಪ್ಟಿನ್ ಚುಚ್ಚಿ ನೋಡಿದ ಪ್ರಯೋಗದ ಫಲಿತಾಂಶ 1999ರಲ್ಲಿ ಬಂದಾಗ, ಹೆಚ್ಚಿನ ಪ್ರಮಾಣ ಪಡೆದ ಕೆಲವರಲ್ಲಿ ಒಂದಿಷ್ಟು ತೂಕ ಇಳಿದದ್ದು ಬಿಟ್ಟರೆ ನಿರೀಕ್ಷಿಸಿದ ಪವಾಡವೇನೂ ನಡೆಯಲಿಲ್ಲ. ಹಾರ್ಮೋನು ಇದ್ದೂ ಅದರ ಮಾತು ನಾಟದ ಈ ಸ್ಥಿತಿಗೆ ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ. ಲೋಕಲ್ ಹಳಿಯ ಪಕ್ಕದ ಚಾಳಿನಲ್ಲಿ ಮನೆ ಮಾಡಿದವರಿಗೆ ತಿಂಗಳೊಪ್ಪತ್ತಿನಲ್ಲಿ ರೈಲಿನ ಸದ್ದು ಕೇಳಿಸದಂತಾಗುವುದಿಲ್ಲವೇ, ಹಾಗೆ. ಹಾರ್ಮೋನು ಮಿದುಳಿನೊಳಗೆ ದಾಟುವುದು ಕಡಿಮೆಯಾಗುವುದು, ಗ್ರಾಹಕದ ಸಂದೇಶಕ್ಕೆ ಕೋಶವೇ ಒಳಗಿನಿಂದ ತಡೆ ಒಡ್ಡುವುದು, ಹೈಪೋಥಲಾಮಸ್‌ನ ಉರಿಯೂತ ಎಂಬ ಮೂರು ಕಾರಣಗಳನ್ನು ವಿಜ್ಞಾನಿಗಳು ಮುಂದಿಟ್ಟಿದ್ದಾರೆ.

ಲೆಪ್ಟಿನ್ ಮಾತ್ರೆ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ತರಿಸಲೇ?

ಬೇಡ. ಲೆಪ್ಟಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆಯಂತೆ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ. ಅಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಹಸಿರು ಚಹಾದ ಸಾರದಂಥ ವಸ್ತುಗಳು.

## ನಮ್ಮ ಮೈ, ನಮ್ಮ ದಿನಚರಿ

ನನ್ನ ತೂಕ ಬರೀ 62 ಕಿಲೋ. ದಪ್ಪಗಿರುವ ನನ್ನ ಷಡ್ಡಕನಿಗೆ ಏನೂ ಇಲ್ಲ, ನನಗೆ ಸಕ್ಕರೆ ಕಾಯಿಲೆ ಬಂತು. ಇದು ಯಾವ ನ್ಯಾಯ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಪುಣೆಯ ರಾಸ್ತಾ ಪೇಠೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನಾ ಕೇಂದ್ರದವರೆಗೆ ಹೋದರೆ ಸಾಕು. ಅಲ್ಲಿನ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮ ಮೈಯನ್ನೇ ಅಳತೆಗೆ ಒಡ್ಡಿ, 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ಚಿತ್ರದೊಂದಿಗೆ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ಆದರೆ ಮೈಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತಕ್ಕಡಿಗೆ ಇಬ್ಬರೂ ಒಂದೇ. ಒಳಗೆ ನೋಡಿದರೆ ಅಜಗಜಾಂತರ.

ಇದು ನಡುವಯಸ್ಸಿನಲ್ಲಿ ವಡಾಪಾವ್ ತಿಂದು ಬಂದದ್ದಲ್ಲ ಎಂಬುದಕ್ಕೂ ಪುಣೆಯಲ್ಲೇ ಆಧಾರ ಸಿಕ್ಕಿತು. ಪುಣೆಯ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನು 1993ರಿಂದ ಹಿಂಬಾಲಿಸಿದ ಅಧ್ಯಯನದಲ್ಲಿ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು ಸುಮಾರು 3.5 ಕಿಲೋ. ನಮ್ಮ ಕೂಸುಗಳ ಸ್ನಾಯು ಮತ್ತು ಹೊಟ್ಟೆಯೊಳಗಿನ ಅಂಗಗಳು ಸೊರಗಿದ್ದವು, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಪುಣೆ ಮತ್ತು ಲಂಡನ್ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಹೋಲಿಸಿದಾಗ, ಚಿಕ್ಕ ಮೈಯಿದ್ದರೂ ಪುಣೆಯ ಕೂಸುಗಳಲ್ಲಿ ಲೆಪ್ಟಿನ್ ಕಡಿಮೆಯಿರಲಿಲ್ಲ, ಇನ್ಸುಲಿನ್ ಹೆಚ್ಚೇ ಇತ್ತು. ‘ತೆಳ್ಳಗಿನ ದಪ್ಪ’ ಎಂಬ ಈ ವಿಚಿತ್ರ ಮೈಕಟ್ಟು ನಮಗೆ ಗರ್ಭದಿಂದಲೇ ಬಂದ ಬಳುವಳಿ.

ನಿಮ್ಮ ಷಡ್ಡಕರ ವಿಷಯ: ಅವರ ಚರ್ಮದಡಿಯಲ್ಲಿ ಕೊಬ್ಬಿಗೆ ಇನ್ನೂ ಜಾಗವಿರಬಹುದು. ಒಂದು ರೂಮ್, ಒಂದು ಕಿಚನ್ ಮನೆಯಲ್ಲಿ ಮಾಳಿಗೆ ತುಂಬಿದ ಮೇಲೆ ಸಾಮಾನು ಮಂಚದಡಿಗೆ, ಅಡುಗೆಮನೆಗೆ, ಕೊನೆಗೆ ಮೆಟ್ಟಿಲಿಗೂ ಬರುವಂತೆ, ಚರ್ಮದಡಿಯ ಜಾಗ ಬೇಗ ಮುಗಿದವರಲ್ಲಿ ಕೊಬ್ಬು ಯಕೃತ್ತಿಗೆ, ಸ್ನಾಯುವಿಗೆ, ಮೇದೋಜೀರಕ ಗ್ರಂಥಿಗೆ ನುಗ್ಗುತ್ತದೆ. ಇನ್ಸುಲಿನ್ನಿನ ಕೆಲಸ ಕೆಡುವುದು ಆಗ. ಅವರಿಗೆ ಮುಂದೆಯೂ ಏನೂ ಆಗದು ಎಂದು ಇದರ ಅರ್ಥವಲ್ಲ.

ಹೊಟ್ಟೆಯ ಕೊಬ್ಬು ಕೆಟ್ಟದ್ದು, ತೊಡೆಯದು ಪರವಾಗಿಲ್ಲ ಅನ್ನುತ್ತಾರೆ. ನಿಜವೇ?

ಬಹುಮಟ್ಟಿಗೆ ನಿಜ. ಬೆರಳಲ್ಲಿ ಹಿಡಿಯಲು ಸಿಗುವುದು ಚರ್ಮದಡಿಯ ಕೊಬ್ಬು. ಕರುಳಿನ ಸುತ್ತ ಸೇರುವುದು ಬೇರೆ, ಅದು ಹಿಡಿತಕ್ಕೆ ಸಿಗದು, ಹೊಟ್ಟೆಯನ್ನು ಒಳಗಿನಿಂದ ಗಟ್ಟಿಯಾಗಿ ಮುಂದೂಡುತ್ತದೆ. ಒಳಗಿನ ಈ ಕೊಬ್ಬಿನಿಂದ ಹೊರಟ ಕೊಬ್ಬಿನಾಮ್ಲ ಮತ್ತು ಉರಿಯೂತದ ವಸ್ತುಗಳು ಬಹುಪಾಲು ನೇರವಾಗಿ ಯಕೃತ್ತಿಗೆ ಹೋಗುವ ರಕ್ತನಾಳವನ್ನೇ ಸೇರುತ್ತವೆ. ಚರ್ಮದಡಿಯ ಕೊಬ್ಬು ಲೆಪ್ಟಿನ್ ಹೆಚ್ಚು ಬಿಡುತ್ತದೆ, ಒಳಗಿನದು ಉರಿಯೂತದ ವಸ್ತುಗಳನ್ನು ಹೆಚ್ಚು ಬಿಡುತ್ತದೆ. ಒಂದೇ ಬಿ.ಎಂ.ಐ. ಇರುವ ಗಂಡಸರಿಗಿಂತ ಹೆಂಗಸರಲ್ಲಿ ಲೆಪ್ಟಿನ್ ಎರಡು ಮೂರು ಪಟ್ಟು ಇರುವುದಕ್ಕೆ ಇದೂ ಒಂದು ಕಾರಣ.

ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿದ್ದಾರೆ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಅಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟು, ದರ್ಜಿಯ ಟೇಪಿನಿಂದ ಅಳೆಯಬೇಕು. ಪ್ಯಾಂಟಿನ ಅಳತೆಯನ್ನು ನಂಬಬೇಡಿ; ನಮ್ಮ ಗಂಡಸರು ಹೊಟ್ಟೆ ಬಂದಂತೆಲ್ಲ ಪ್ಯಾಂಟನ್ನು ಅದರ ಕೆಳಗೆ ಇಳಿಸುತ್ತ ಇಪ್ಪತ್ತು ವರ್ಷ ‘34’ ಎಂದೇ ಹೇಳುತ್ತಾರೆ.

ಗೋವಾದಲ್ಲೇ ಅತಿ ಹೆಚ್ಚು ಸಕ್ಕರೆ ಕಾಯಿಲೆ ಎಂದು ಓದಿದೆ. ವಾಸ್ಕೋದಲ್ಲಿರುವ ನಮಗೆ ಈ ಹಾರ್ಮೋನುಗಳಿಂದಲೇ ಅದು ಬರುತ್ತಿದೆಯೇ?

ನೀವು ಓದಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ. 2023ರಲ್ಲಿ ಪ್ರಕಟವಾದ ಅದರ ಪ್ರಕಾರ ಗೋವಾದ ವಯಸ್ಕರಲ್ಲಿ ಶೇ. 26.4, ದೇಶದ ಒಟ್ಟಾರೆ ಲೆಕ್ಕದಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ. ಆ ಸಮೀಕ್ಷೆ ನೋಡಿದ್ದು ರಕ್ತದ ಸಕ್ಕರೆ, ರಕ್ತದೊತ್ತಡ, ರಕ್ತದ ಕೊಬ್ಬಿನಂಶ, ತೂಕ, ಸೊಂಟ ಇಂಥವನ್ನು, ಅಡಿಪೊಕೈನ್‌ಗಳನ್ನಲ್ಲ. ಆದ್ದರಿಂದ ಗೋವಾದ ಅಂಕಿಗೆ ಈ ಹಾರ್ಮೋನುಗಳೇ ಕಾರಣ ಎಂದು ಅದರಿಂದ ಹೇಳಲು ಬರುವುದಿಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ದೇಶದ ಶೇ. 39.5 ವಯಸ್ಕರಿಗೆ ಹೊಟ್ಟೆಯ ಬೊಜ್ಜಿದೆ ಎಂದು ಕಂಡದ್ದು ನನಗೆ ಮಧುಮೇಹದ ಅಂಕಿಗಿಂತ ಹೆಚ್ಚು ಕಳವಳದ್ದಾಗಿ ತೋರಿತು.

ಬೆಳಗಿನ ಐದರ ಲೋಕಲ್ ಹಿಡಿಯುವವನು ನಾನು. ನಿದ್ದೆ ನಾಲ್ಕೈದು ತಾಸು. ಅದಕ್ಕೇ ಹಸಿವು ಜಾಸ್ತಿಯೇ?

ಇರಬಹುದು. ಚಿಕಾಗೋ ವಿಶ್ವವಿದ್ಯಾಲಯದವರು 2004ರಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕು ತಾಸು, ಇನ್ನೊಮ್ಮೆ ಎರಡು ರಾತ್ರಿ ಹತ್ತು ತಾಸು ಮಲಗಲು ಬಿಟ್ಟು ನೋಡಿದರು. ಕಡಿಮೆ ಮಲಗಿದಾಗ ಲೆಪ್ಟಿನ್ ಶೇ. 18 ತಗ್ಗಿತ್ತು; ಹೊಟ್ಟೆಯಿಂದ ಬರುವ ಹಸಿವಿನ ಹಾರ್ಮೋನು ಗ್ರೆಲಿನ್ ಶೇ. 28 ಏರಿತ್ತು. ಮುಂದಿನ ಪ್ರಯೋಗಗಳಲ್ಲಿ ಲೆಪ್ಟಿನ್ನಿನ ಏರಿಳಿತ ಒಂದೇ ತೆರನಾಗಿ ಕಾಣಲಿಲ್ಲ, ಆದರೆ ನಿದ್ದೆಗೆಟ್ಟವರು ಹೆಚ್ಚು ತಿನ್ನುತ್ತಾರೆ ಎಂಬುದು ಮತ್ತೆ ಮತ್ತೆ ಕಂಡಿದೆ. ಡೊಂಬಿವಲಿಯಿಂದ ಚರ್ಚ್‌ಗೇಟಿನ ಕಚೇರಿಗೆ ಹೋಗಿಬರುವವರಿಗೆ ‘ಎಂಟು ತಾಸು ಮಲಗಿ’ ಎಂದು ಹೇಳಲು ನನಗೇ ಸಂಕೋಚವಾಗುತ್ತದೆ. ರಾತ್ರಿ ಮೊಬೈಲಿನಲ್ಲಿ ಕಳೆಯುವ ಅರ್ಧ ತಾಸನ್ನಾದರೂ ನಿದ್ದೆಗೆ ಕೊಡಿ.

ಏಕಾದಶಿ ಉಪವಾಸ ಮಾಡಿದರೆ ಲೆಪ್ಟಿನ್ ಸರಿಹೋಗುತ್ತದೆಯೇ ಅಕ್ಕ?

ಉಪವಾಸ ಕೂತ ಒಂದು ದಿನದೊಳಗೇ ಲೆಪ್ಟಿನ್ ಚೆನ್ನಾಗಿ ಇಳಿಯುತ್ತದೆ, ಅದೂ ಕರಗಿದ ಕೊಬ್ಬಿಗೆ ಹೋಲಿಸಿದರೆ ತುಂಬ ಹೆಚ್ಚಾಗಿ. ಮತ್ತೆ ಉಂಡೊಡನೆ ಏರುತ್ತದೆ. ಬರಗಾಲದ ಗಂಟೆ ಬೇಗ ಬಾರಿಸಲೆಂದೇ ಇರುವ ಏರ್ಪಾಡು ಅದು. ಆದ್ದರಿಂದ ತಿಂಗಳಿಗೆರಡು ಉಪವಾಸದಿಂದ ಪ್ರತಿರೋಧ ‘ಸರಿಹೋಯಿತು’ ಎಂದು ಹೇಳಲು ಆಧಾರವಿಲ್ಲ. ಇನ್ನು ಇಲ್ಲಿನ ಪದ್ಧತಿಯಂತೆ ಸಾಬೂದಾಣಾ ಖಿಚಡಿ, ಶೇಂಗಾಪುಡಿ, ಬಟಾಟೆಯ ಉಪವಾಸವಾದರೆ ‘ಏಕಾದಶಿ, ದುಪ್ಪಟ್ ಖಾಶಿ’ (ಏಕಾದಶಿಯೆಂದು ಎರಡು ಪಟ್ಟು ತಿನ್ನುತ್ತೀ) ಎಂಬ ಮರಾಠಿ ಗಾದೆಯೇ ಉತ್ತರ.

## ತೂಕ ಇಳಿಸಹೊರಟವರ ಪ್ರಶ್ನೆಗಳು

ಕಷ್ಟಪಟ್ಟು ಹನ್ನೊಂದು ಕಿಲೋ ಇಳಿಸಿದೆ. ಎರಡು ವರ್ಷದಲ್ಲಿ ಹನ್ನೆರಡು ಏರಿತು. ಮನೆಯವರು ನನಗೆ ಬಾಯಿಚಪಲ ಅನ್ನುತ್ತಾರೆ.

ಈ ಮಾತನ್ನು ನನಗೆ ಹೇಳಿದವರಲ್ಲಿ ಬಹುಪಾಲು ಹೆಂಗಸರು, ಮತ್ತು ಪ್ರತಿಯೊಬ್ಬರೂ ತಗ್ಗಿದ ದನಿಯಲ್ಲೇ ಹೇಳಿದರು. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ: ತೂಕ ಮರಳುವುದಕ್ಕೆ ಚಪಲಕ್ಕಿಂತ ದೊಡ್ಡ ಕಾರಣ ಮೈಯ ರಾಸಾಯನಿಕದಲ್ಲೇ ಇದೆ.

ನೀವು ಹನ್ನೊಂದು ಕಿಲೋ ಇಳಿಸಿದಾಗ ಕೊಬ್ಬಿನ ಕೋಶಗಳು ಕುಗ್ಗುತ್ತವೆ, ಆದರೆ ಅವುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಿಂದ 2008ರಲ್ಲಿ ಬಂದ ಅಧ್ಯಯನದ ಪ್ರಕಾರ ಈ ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲೇ ಬಹುಮಟ್ಟಿಗೆ ನಿಗದಿಯಾಗುತ್ತದೆ. ವರ್ಷಕ್ಕೆ ಸುಮಾರು ಶೇ. 10 ಕೋಶಗಳು ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ. ಕುಗ್ಗಿದ ಕೋಶ ಲೆಪ್ಟಿನ್ನನ್ನು ಕಡಿಮೆ ಬಿಡುತ್ತದೆ. ನಿಮ್ಮ ಕನ್ನಡಿಗೆ ನೀವಿನ್ನೂ ದಪ್ಪಗೆ ಕಂಡರೂ ಹೈಪೋಥಲಾಮಸ್‌ಗೆ ತಲುಪುವ ಸುದ್ದಿ ‘ಬರ ಬಿದ್ದಿದೆ’ ಎಂಬುದೇ.

ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 50 ಮಂದಿಯನ್ನು ಹತ್ತು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರದಲ್ಲಿಟ್ಟು ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ತೂಕ ಸರಾಸರಿ 13.5 ಕಿಲೋ ಇಳಿಯಿತು. ಆ ಬಳಿಕ ಒಂದು ವರ್ಷ ಕಳೆದು ನೋಡಿದಾಗಲೂ ಲೆಪ್ಟಿನ್ ಮೊದಲಿನ ಮಟ್ಟಕ್ಕಿಂತ ಕೆಳಗೇ ಇತ್ತು, ಗ್ರೆಲಿನ್ ಮೇಲೇ ಇತ್ತು, ಹಸಿವೂ ಹೆಚ್ಚೇ ಇತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರೂಡಾಲ್ಫ್ ಲೀಬಲ್ ಮತ್ತು ಮೈಕಲ್ ರೋಸೆನ್‌ಬಾಮ್ ಅವರು, ತೂಕ ಇಳಿಸಿದವರ ಸ್ನಾಯುಗಳು ಮೊದಲಿಗಿಂತ ಕಡಿಮೆ ಇಂಧನದಲ್ಲಿ ಅದೇ ಕೆಲಸ ಮಾಡತೊಡಗುತ್ತವೆ ಎಂದೂ, ಲೆಪ್ಟಿನ್ನನ್ನು ಹೊರಗಿನಿಂದ ಕೊಟ್ಟು ಹಳೆಯ ಮಟ್ಟಕ್ಕೆ ತಂದರೆ ಈ ಜಿಪುಣತನ ಬಹಳಷ್ಟು ಹಿಂದೆ ಸರಿಯುತ್ತದೆಂದೂ ತೋರಿಸಿದ್ದಾರೆ. ದಪ್ಪಗಿರುವಾಗ ಕೊಟ್ಟರೆ ನಾಟದ ಹಾರ್ಮೋನು ತೂಕ ಇಳಿದ ಮೇಲೆ ಕೊಟ್ಟರೆ ನಾಟುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಹೀಗಿರುವಾಗ ಮೂರು ತಿಂಗಳ ಕಠಿಣ ಡಯಟ್‌ಗಿಂತ, ಇಳಿಸಿದ್ದನ್ನು ಉಳಿಸಿಕೊಳ್ಳುವ ಮೂರು ವರ್ಷದ ಯೋಜನೆಯೇ ಮುಖ್ಯ. ದಿನದ ನಡಿಗೆ ಮತ್ತು ಸ್ನಾಯು ಬೆಳೆಸುವ ವ್ಯಾಯಾಮಕ್ಕೆ ತೂಕ ಇಳಿಸುವುದಕ್ಕಿಂತ ಇಳಿದದ್ದನ್ನು ಹಿಡಿದಿಡುವಲ್ಲಿ ಹೆಚ್ಚು ಬೆಲೆ. ನೀವು ಇಳಿಸಿದ ಹನ್ನೊಂದರಲ್ಲಿ ನಾಲ್ಕೇ ಕಿಲೋ ಉಳಿದಿದ್ದರೂ ಯಕೃತ್ತಿನ ಕೊಬ್ಬಿಗೆ ಅದು ಸಣ್ಣ ಲಾಭವಲ್ಲ.

ಲೈಪೋಸಕ್ಷನ್‌ನಲ್ಲಿ ಕೊಬ್ಬನ್ನೇ ಹೀರಿ ತೆಗೆಸಿದರೆ ಸಕ್ಕರೆ ಇಳಿಯುವುದಿಲ್ಲವೇ?

ಇದನ್ನು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 15 ಮಂದಿ ಹೆಂಗಸರಲ್ಲಿ ನೇರವಾಗಿಯೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಹೊಟ್ಟೆಯ ಚರ್ಮದಡಿಯಿಂದ ಸುಮಾರು ಹತ್ತು ಕಿಲೋ ಕೊಬ್ಬು ತೆಗೆದು, ಹತ್ತು ಹನ್ನೆರಡು ವಾರಗಳ ನಂತರ ನೋಡಿದರೆ, ಇನ್ಸುಲಿನ್ನಿಗೆ ಮೈ ಸ್ಪಂದಿಸುವ ರೀತಿಯಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಕಡಿಮೆ ಉಂಡು, ಹೆಚ್ಚು ಖರ್ಚು ಮಾಡಿ ಇಳಿಸುವ ತೂಕದಲ್ಲಿ ಯಕೃತ್ತು ಮತ್ತು ಕರುಳಿನ ಸುತ್ತಲಿನ ಕೊಬ್ಬು ಕರಗುತ್ತದೆ. ಹೀರಿ ತೆಗೆದದ್ದರಲ್ಲಿ ಅದು ಇದ್ದಲ್ಲೇ ಇರುತ್ತದೆ.

ಈಗ ಬಂದಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ಈ ಕೊಬ್ಬಿನ ಹಾರ್ಮೋನುಗಳೇ?

ಅಲ್ಲ. ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಬಂದ ಟಿರ್ಜೆಪಟೈಡ್, ಅದೇ ಜೂನ್‌ನಲ್ಲಿ ತೂಕ ಇಳಿಸಲೆಂದು ಬಂದ ಸೆಮಾಗ್ಲುಟೈಡ್ ಚುಚ್ಚುಮದ್ದು ಎರಡೂ ಕರುಳು ಊಟದ ನಂತರ ಬಿಡುವ ಹಾರ್ಮೋನುಗಳ ಅನುಕರಣೆಗಳು. ಕರುಳಿನ ಹಾರ್ಮೋನು ಹೇಳುವುದು ಈ ಹೊತ್ತಿನ ಊಟದ ಸುದ್ದಿ, ಕೊಬ್ಬಿನ ಹಾರ್ಮೋನು ಹೇಳುವುದು ತಿಂಗಳ ದಾಸ್ತಾನಿನ ಸುದ್ದಿ. ಔಷಧಿಯಿಂದ ಕೊಬ್ಬು ಕರಗಿದಾಗ ಲೆಪ್ಟಿನ್ ಇಲ್ಲೂ ಇಳಿಯುತ್ತದೆ, ಆದರೆ ಅದು ಎಬ್ಬಿಸುವ ಹಸಿವನ್ನು ಔಷಧಿ ಅದುಮಿಟ್ಟಿರುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಹಿಂಬಾಲಿಸಿದಾಗ, ಇಳಿದಿದ್ದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಒಂದು ವರ್ಷದಲ್ಲಿ ಮರಳಿತ್ತು. ಮದುವೆಗೆ ಮೂರು ತಿಂಗಳಿದೆ, ಅಷ್ಟಕ್ಕೆ ಸಾಕು ಎನ್ನುವವರಿಗೆ ಈ ಔಷಧಿ ಸಲ್ಲದು.

ಲ್ಯಾಬಿನವರ ಪ್ಯಾಕೇಜಿನಲ್ಲಿ ಲೆಪ್ಟಿನ್ ಟೆಸ್ಟ್ ಇದೆ. ಮಾಡಿಸಲೇ?

ನನ್ನ ನಾದಿನಿ ಹೀಗೆಯೇ ಒಂದು ಪ್ಯಾಕೇಜ್ ಮಾಡಿಸಿ, ವರದಿಯಲ್ಲಿ ಕೆಂಪಕ್ಷರದ ‘ಹೆಚ್ಚು’ ಎಂಬುದನ್ನು ಕಂಡು ವಾರವಿಡೀ ನಿದ್ದೆಗೆಟ್ಟಳು. ಅವಳಿಗೆ ಮೈಯಲ್ಲಿ ಕೊಬ್ಬು ಹೆಚ್ಚಿದೆ ಎಂಬ ಸಂಗತಿಯನ್ನು ಕನ್ನಡಿ ಪುಕ್ಕಟೆಯಾಗಿ ಹೇಳುತ್ತಿತ್ತು. ಲೆಪ್ಟಿನ್ ಗಂಡು ಹೆಣ್ಣಿಗೆ ಬೇರೆ, ನಡುರಾತ್ರಿಗೆ ಹೆಚ್ಚು, ಉಪವಾಸದಲ್ಲಿ ಕಡಿಮೆ. ವರದಿಯ ಅಂಕಿಯಿಂದ ಚಿಕಿತ್ಸೆ ಬದಲಾಗುವುದು ಹುಟ್ಟಿನಿಂದಲೇ ತಡೆಯಲಾಗದ ಹಸಿವಿರುವ ಮಗುವಿನಲ್ಲಿ ಅಥವಾ ಮೈಯಲ್ಲಿ ಕೊಬ್ಬೇ ಇಲ್ಲದ ಅಪರೂಪದ ಕಾಯಿಲೆಯಲ್ಲಿ ಮಾತ್ರ. ಆ ದುಡ್ಡಿನಲ್ಲಿ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಿ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಅಡಿಪೊನೆಕ್ಟಿನ್ ಒಳ್ಳೆಯ ಹಾರ್ಮೋನು ಅನ್ನುತ್ತಾರೆ. ಅದನ್ನು ಹೆಚ್ಚಿಸಿಕೊಳ್ಳುವುದು ಹೇಗೆ?

ಇದರ ವಿಚಿತ್ರ ನೋಡಿ: ತಯಾರಾಗುವುದು ಕೊಬ್ಬಿನಲ್ಲಿ, ಆದರೆ ಕೊಬ್ಬು ಹೆಚ್ಚಿದಂತೆ ಕಡಿಮೆಯಾಗುತ್ತದೆ. ಅಮೆರಿಕ ಮತ್ತು ಜಪಾನಿನ ಬೇರೆ ಬೇರೆ ತಂಡಗಳು 1995-96ರಲ್ಲಿ ಇದನ್ನು ಬೇರೆ ಬೇರೆ ಹೆಸರಿನಲ್ಲಿ ಗುರುತಿಸಿದವು. ರಕ್ತದಲ್ಲಿ ಇದು ಲೆಪ್ಟಿನ್ನಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಇರುತ್ತದೆ. ಸ್ನಾಯು ಕೊಬ್ಬನ್ನು ಉರಿಸುವಂತೆ, ಯಕೃತ್ತು ಸಕ್ಕರೆ ತಯಾರಿಯನ್ನು ತಗ್ಗಿಸುವಂತೆ ಇದು ಪ್ರೇರೇಪಿಸುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಇದರ ಮಟ್ಟ ಯುರೋಪಿನವರಿಗಿಂತ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ.

ಹೆಚ್ಚಿಸುವ ದಾರಿಗಳಲ್ಲಿ ಖಚಿತವಾದದ್ದು ಕೊಬ್ಬು ಇಳಿಸುವುದು. ಮಧುಮೇಹದ ಔಷಧಿಗಳಲ್ಲಿ ಪಯೋಗ್ಲಿಟಜೋನ್ ಅದನ್ನು ಏರಿಸುತ್ತದೆ. ಕೊಬ್ಬನ್ನು ಒಳಗಿನಿಂದ ಚರ್ಮದಡಿಗೆ ಸಾಗಿಸುವುದರಿಂದ ತೂಕ ಏರಿದರೂ ಸಕ್ಕರೆ ಇಳಿಯುವ ವಿಲಕ್ಷಣ ಔಷಧಿ ಅದು. ನೀರು ತುಂಬಿಕೊಳ್ಳುವಂಥ ಅಡ್ಡಪರಿಣಾಮಗಳಿರುವುದರಿಂದ ಎಲ್ಲರಿಗೂ ಅದು ಹೊಂದುವುದಿಲ್ಲ.

ಹಾಗೆಂದು ‘ಒಳ್ಳೆಯ ಹಾರ್ಮೋನು’ ಎಂಬ ಪಟ್ಟವನ್ನು ನಾನು ಕೊಡಲಾರೆ. ಹೃದಯ ವೈಫಲ್ಯವಿರುವವರಲ್ಲಿ ಅಡಿಪೊನೆಕ್ಟಿನ್ ಹೆಚ್ಚಿದ್ದಷ್ಟೂ ಸಾವಿನ ಪ್ರಮಾಣ ಹೆಚ್ಚಿರುವುದು ಕಂಡಿದೆ. ಮೈ ಸೊರಗುತ್ತಿರುವುದರ ಗುರುತಾಗಿ ಅದು ಏರುತ್ತದೆಯೋ, ಬೇರೆ ಕಾರಣವಿದೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬೊಜ್ಜಿನಿಂದ ಮೈಯಲ್ಲಿ ಉರಿಯೂತ ಅಂತಾರೆ. ಜ್ವರ, ನೋವು ಏನೂ ಇಲ್ಲವಲ್ಲ?

ಇದು ಗಾಯದ ಉರಿಯೂತದಂತೆ ಕೆಂಪಾಗಿ ಊದುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ಹಾರ್ವರ್ಡ್‌ನ ಗೋಖನ್ ಹೋಟಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗೆಲ್ಮನ್ 1993ರಲ್ಲಿ, ಅಂದರೆ ಲೆಪ್ಟಿನ್ನಿಗೂ ಒಂದು ವರ್ಷ ಮೊದಲು, ದಪ್ಪ ಇಲಿಗಳ ಕೊಬ್ಬಿನಿಂದ ಟಿ.ಎನ್.ಎಫ್. ಆಲ್ಫಾ ಎಂಬ ಉರಿಯೂತದ ವಸ್ತು ಬರುತ್ತದೆಂದೂ ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆಂದೂ ತೋರಿಸಿದರು. ಅದರ ಮೂಲ ಎಲ್ಲಿ ಎಂಬುದು 2003ರಲ್ಲಿ ಇನ್ನಷ್ಟು ತಿಳಿಯಿತು. ಕೊಬ್ಬಿನ ಕೋಶಗಳು ವಿಪರೀತ ಉಬ್ಬಿ, ಪ್ರಾಣವಾಯು ಸಾಲದೆ ಸಾಯತೊಡಗಿದಾಗ, ಹೆಣ ತೆಗೆಯಲು ಬರುವವರಂತೆ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಸತ್ತ ಕೋಶದ ಸುತ್ತ ಕಿರೀಟದಂತೆ ಮುತ್ತುತ್ತವೆ. ಉರಿಯೂತದ ವಸ್ತುಗಳ ದೊಡ್ಡ ಪಾಲು ಇವುಗಳದೇ. ಬೊಜ್ಜಿನ ಅಂಗಾಂಶವು ರಕ್ತ ಹೆಪ್ಪುಗಟ್ಟುವುದಕ್ಕೆ ಒಲಿಯುವ ಮತ್ತು ರಕ್ತದೊತ್ತಡ ಏರಿಸುವ ಪ್ರೋಟೀನುಗಳನ್ನೂ ಬಿಡುವುದರಿಂದ ವಿಷಯ ಸಕ್ಕರೆಯೊಂದರಲ್ಲೇ ನಿಲ್ಲುವುದಿಲ್ಲ.

ಮಗಳು ದುಂಡಗಿದ್ದಾಳೆ, ಹತ್ತಕ್ಕೇ ದೊಡ್ಡವಳಾದಳು. ಇದಕ್ಕೂ ಕೊಬ್ಬಿಗೂ ಸಂಬಂಧವಿದೆಯೇ?

ಇದೆ. ಗರ್ಭ ಹೊರುವಷ್ಟು ದಾಸ್ತಾನು ಮೈಯಲ್ಲಿ ಸೇರಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವುದೂ ಲೆಪ್ಟಿನ್ನೇ. ಅದು ಮೈನೆರೆಯುವುದನ್ನು ತಾನಾಗಿ ಶುರು ಮಾಡುವುದಿಲ್ಲ, ಶುರುವಾಗಲು ಅನುಮತಿ ಕೊಡುತ್ತದೆ. ಲೆಪ್ಟಿನ್ ಕೊರತೆಯಿರುವ ಮಕ್ಕಳು ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಹರೆಯಕ್ಕೆ ಬರುವುದಿಲ್ಲ. ಅತಿಯಾದ ಓಟ, ಅರೆಹೊಟ್ಟೆಯಿಂದ ಮುಟ್ಟು ನಿಂತ ಕೆಲವು ಹೆಂಗಸರಲ್ಲಿ ಲೆಪ್ಟಿನ್ ಕೊಟ್ಟಾಗ ಅದು ಮರಳಿದೆ. ಹತ್ತು ವರ್ಷ ಎಂಬುದು ಈಗಿನ ಕಾಲಕ್ಕೆ ಗಾಬರಿಯ ವಯಸ್ಸಲ್ಲ. ಎಂಟಕ್ಕೂ ಮೊದಲೇ ಸ್ತನ ಬೆಳವಣಿಗೆ ಶುರುವಾದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮುಟ್ಟು ನಿಂತ ಮೇಲೂ ಈ ನಂಟು ಬಿಡುವುದಿಲ್ಲ: ಆಗ ಮೈಯ ಈಸ್ಟ್ರೋಜನ್‌ನ ಮುಖ್ಯ ಮೂಲ ಕೊಬ್ಬೇ ಆಗಿರುತ್ತದೆ, ಆ ವಯಸ್ಸಿನ ಬೊಜ್ಜಿನಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಏರುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಮೈಯಲ್ಲಿ ಕೊಬ್ಬೇ ಇರದಿದ್ದರೆ ಎಲ್ಲಕ್ಕಿಂತ ಒಳ್ಳೆಯದಲ್ಲವೇ?

ಲೈಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಆಗುವುದು ಇದೇ. ಕೊಬ್ಬಿನ ಅಂಗಾಂಶ ಬೆಳೆಯದ ಅಥವಾ ನಶಿಸಿದ ಈ ರೋಗಿಗಳು ನೋಡಲು ನರನರ ಎದ್ದ ಜಟ್ಟಿಯಂತೆ ಇರುತ್ತಾರೆ. ಒಳಗೆ ಮಾತ್ರ ತೀವ್ರ ಮಧುಮೇಹ, ಕೊಬ್ಬು ತುಂಬಿದ ಯಕೃತ್ತು, ಹಾಲಿನಂತೆ ಬೆಳ್ಳಗಾದ ರಕ್ತದ್ರವ, ತಣಿಯದ ಹಸಿವು. ಇಡಲು ಜಾಗವಿಲ್ಲದ ಎಣ್ಣೆ ಸಿಕ್ಕ ಸಿಕ್ಕ ಅಂಗಕ್ಕೆ ನುಗ್ಗುತ್ತದೆ, ಲೆಕ್ಕ ಒಪ್ಪಿಸುವ ಲೆಪ್ಟಿನ್ನೂ ಇರುವುದಿಲ್ಲ. ಸಾಮಾನ್ಯ ಬೊಜ್ಜಿನಲ್ಲಿ ಸೋತ ಲೆಪ್ಟಿನ್ ಗೆದ್ದದ್ದು ಇಲ್ಲಿ: ಮೆಟ್ರೆಲೆಪ್ಟಿನ್ ಎಂಬ ಅದರ ಔಷಧರೂಪಕ್ಕೆ ಅಮೆರಿಕದಲ್ಲಿ 2014ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು.

ರೆಸಿಸ್ಟಿನ್, ವಿಸ್‌ಫಾಟಿನ್, ಆಸ್ಪ್ರೋಸಿನ್ ಎಂದೆಲ್ಲ ಹೊಸ ಹೆಸರು ಓದುತ್ತೇನೆ. ಯಾವುದನ್ನು ನಂಬಬೇಕು?

ಅವಸರ ಬೇಡ. 2001ರಲ್ಲಿ ರೆಸಿಸ್ಟಿನ್ ಬಂದಾಗ ಬೊಜ್ಜಿಗೂ ಮಧುಮೇಹಕ್ಕೂ ನಡುವಿನ ಕೊಂಡಿ ಸಿಕ್ಕೇಬಿಟ್ಟಿತೆಂದು ನಾವೆಲ್ಲ ಸಂಭ್ರಮಪಟ್ಟು, ನಾನು ಮರುವಾರವೇ ತರಗತಿಯಲ್ಲಿ ಪಾಠವನ್ನೂ ಮಾಡಿದೆ. ಆಮೇಲೆ ತಿಳಿದದ್ದು, ಇಲಿಯಲ್ಲಿ ಅದು ಕೊಬ್ಬಿನ ಕೋಶದಿಂದ ಬಂದರೆ ಮನುಷ್ಯರಲ್ಲಿ ಮುಖ್ಯವಾಗಿ ಮ್ಯಾಕ್ರೋಫೇಜ್‌ಗಳಿಂದ ಬರುತ್ತದೆ ಎಂದು. 2005ರಲ್ಲಿ ಬಂದ ವಿಸ್‌ಫಾಟಿನ್ ಇನ್ಸುಲಿನ್ನಿನಂತೆಯೇ ವರ್ತಿಸುತ್ತದೆ ಎಂದ ಲೇಖನವನ್ನು 2007ರಲ್ಲಿ ಲೇಖಕರೇ ಹಿಂತೆಗೆದುಕೊಂಡರು. 2016ರ ಆಸ್ಪ್ರೋಸಿನ್ ಯಕೃತ್ತಿನಿಂದ ಸಕ್ಕರೆ ಬಿಡಿಸಿ ಹಸಿವನ್ನೂ ಕೆರಳಿಸುತ್ತದೆ ಎಂಬ ಮಾತಿದೆ; ಮನುಷ್ಯರಲ್ಲಿ ಅದರ ಪಾತ್ರವನ್ನು ಇನ್ನೂ ತೂಗುತ್ತಿದ್ದಾರೆ. ಇಲಿಯ ಮೇಲಿನ ಫಲಿತಾಂಶವನ್ನು ಓದಿದಾಗ ಮನುಷ್ಯರಲ್ಲಿ ಅದೇ ಕಂಡಿದೆಯೇ, ಬೇರೆ ತಂಡಕ್ಕೂ ಸಿಕ್ಕಿದೆಯೇ ಎಂದು ಎರಡು ಸಲ ಕೇಳಿಕೊಳ್ಳಿ. ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ರೆಸಿಸ್ಟಿನ್ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೇನೆ, ಪುಟವನ್ನು ಹರಿದಿಲ್ಲ.